ಮನೆಯ ವೈಫೈ: ಪಾಸ್‌ವರ್ಡ್ ಇಟ್ಟರಷ್ಟೇ ಸಾಲದು

ದಾವಣಗೆರೆಯಲ್ಲಿ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡ ಎಷ್ಟೋ ಮನೆ, ಅಂಗಡಿಗಳಲ್ಲಿ ವೈಫೈ ಪಾಸ್‌ವರ್ಡ್ ಎಂದರೆ ಯಜಮಾನರ ಮೊಬೈಲ್ ನಂಬರ್. ಮರೆಯಬಾರದೆಂದು ಲೈನ್ ಎಳೆಯಲು ಬಂದ ಹುಡುಗನೇ ಹಾಗೆ ಇಟ್ಟು ಹೋಗಿರುತ್ತಾನೆ. ಅಂಗಡಿಯಾದರೆ ಅದೇ ನಂಬರ್ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ!

ಸರಿಪಡಿಸಲು ಅರ್ಧ ಗಂಟೆ ಸಾಕು. ಮೊಬೈಲ್ ಡೇಟಾ ಆಫ್ ಮಾಡಿ, ನಿಮ್ಮ ವೈಫೈಗೆ ಸೇರಿಕೊಳ್ಳಿ. ರೂಟರ್ ಬುಡದ ಸ್ಟಿಕ್ಕರ್‌ನಲ್ಲಿ 192.168.1.1 ಅಥವಾ ಅಂಥದೇ ಒಂದು ವಿಳಾಸವಿರುತ್ತದೆ. ಅದನ್ನು ಬ್ರೌಸರಿನ ಮೇಲ್ಪಟ್ಟಿಯಲ್ಲೇ ಟೈಪ್ ಮಾಡಿ. ಗೂಗಲ್ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿದರೆ ಬೇಡದ ಪುಟಗಳೆಲ್ಲ ಬಂದು ಕೂರುತ್ತವೆ. ಒಳಹೊಕ್ಕ ಕೂಡಲೇ ರೂಟರಿನ ಸೆಟ್ಟಿಂಗ್ ತೆರೆಯುವ ‘ಅಡ್ಮಿನ್’ ಪಾಸ್‌ವರ್ಡ್ ಬದಲಿಸಿ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ‘ವೈರ್‌ಲೆಸ್ ಸೆಕ್ಯುರಿಟಿ’ ಪುಟದಲ್ಲಿ ಐದಾರು ಆಯ್ಕೆಗಳ ಪಟ್ಟಿ ತೆರೆದುಕೊಳ್ಳುತ್ತದೆ; ಒಂದೊಂದೂ ವೈಫೈಗೆ ಬೀಗ ಹಾಕುವ ಒಂದೊಂದು ವಿಧಾನ. ಡಬ್ಲ್ಯುಇಪಿ 1997ರದ್ದು, 2001ರಲ್ಲೇ ಅದರ ಹುಳುಕು ಬಯಲಾಯಿತು, ಮುಟ್ಟಲೇಬೇಡಿ. 2003ರ ಡಬ್ಲ್ಯುಪಿಎ ತಾತ್ಕಾಲಿಕ ತೇಪೆ. 2004ರ ಡಬ್ಲ್ಯುಪಿಎ2 ಇಂದಿಗೂ ನಡೆಯುತ್ತದೆ, ಆದರೆ ಪಕ್ಕದಲ್ಲಿ ‘ಎಇಎಸ್’ (ಮಾಹಿತಿಯನ್ನು ಗುಟ್ಟಾಗಿಸುವ ಗಟ್ಟಿ ವಿಧಾನ) ಎಂದಿರಬೇಕು. ಹಳೆಯ, ದುರ್ಬಲ ವಿಧಾನವಾದ ‘ಟಿಕೆಐಪಿ’ ಅಥವಾ ‘ಟಿಕೆಐಪಿ+ಎಇಎಸ್’ ಎಂದಿರುವುದನ್ನು ಆರಿಸಬೇಡಿ. ಬರೀ ಟಿಕೆಐಪಿ ಇಟ್ಟರೆ ಭದ್ರತೆಯ ಜೊತೆ ವೇಗವೂ ಹೋಗುತ್ತದೆ: ಸಂಪರ್ಕ 54 ಎಂಬಿಪಿಎಸ್‌ಗಿಂತ ಮೇಲೇರುವುದಿಲ್ಲ. ‘100ರ ಪ್ಲಾನಿಗೆ ದುಡ್ಡು ಕಟ್ತೀವಿ, ಸ್ಪೀಡೇ ಬರಲ್ಲ’ ಎಂದು ಕಂಪನಿಗೆ ಬೈಯುವ ಮೊದಲು ಇದನ್ನು ನೋಡಿ.

2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಅದೇ ಒಳ್ಳೆಯದು. ಆದರೆ ಹಳೆಯ ಟಿವಿ, ಸಿಸಿಟಿವಿ, ಪ್ರಿಂಟರ್ ಅದಕ್ಕೆ ಸೇರಲಾರವು. ಟಿವಿ ಬರಲಿಲ್ಲವೆಂದು ಗಾಬರಿಯಾಗಿ ಪಾಸ್‌ವರ್ಡೇ ಬೇಡದಂತೆ ಎಲ್ಲವನ್ನೂ ‘ಓಪನ್’ ಮಾಡಿಬಿಡುವವರಿದ್ದಾರೆ. ಅದರ ಬದಲು ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎಂಬ ಜೋಡಿ ಆಯ್ಕೆ ಇಡಿ. ವೈಫೈ ಹರಿಯುವ ಎರಡು ತರಂಗಪಟ್ಟಿಗಳಾದ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಪುಟಗಳಿದ್ದರೆ ಎರಡರಲ್ಲೂ ಬದಲಿಸಿ. ಒಂದನ್ನು ಮರೆತರೆ ಇನ್ನೊಂದನ್ನು ಬಿಗಿ ಮಾಡಿ ಪ್ರಯೋಜನವಿಲ್ಲ.

ಇನ್ನು ಪಾಸ್‌ವರ್ಡ್. ಡಬ್ಲ್ಯುಪಿಎ2ನಲ್ಲಿ ನಿಮ್ಮ ಫೋನು ರೂಟರಿಗೆ ಸೇರುವ ಕ್ಷಣದ ಮಾತುಕತೆಯನ್ನು ಹೊರಗೆ ನಿಂತವನು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡುತ್ತಾ ಕೂರುತ್ತಾನೆ; ನಿಮ್ಮ ರೂಟರಿಗೆ ಸುಳಿವೇ ಸಿಗದು. 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ. ಕೇಳಲು ದೊಡ್ಡದು, ಗೇಮಿಂಗ್ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ಗಂಟೆಗಳ ಕೆಲಸ. ಡಬ್ಲ್ಯುಪಿಎ3 ಈ ದಾರಿ ಮುಚ್ಚಿದೆ, ಆದರೆ ಜೋಡಿ ಆಯ್ಕೆಯಲ್ಲಿ ಹಳೆಯ ಸಾಧನಗಳು ಡಬ್ಲ್ಯುಪಿಎ2ನಲ್ಲೇ ಸೇರುತ್ತವೆ, ಹಾಗಾಗಿ ಅಪಾಯ ಉಳಿದೇ ಇರುತ್ತದೆ. ಪಾಸ್‌ವರ್ಡಿನ ಉದ್ದ 8ರಿಂದ 63 ಅಕ್ಷರ ಇರಬಹುದು. ನಾನು ಹೇಳುವುದು: ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಒರಳು, ಛತ್ರಿ, ಹುಣಸೆ, ಅಂಚೆ, ಬುಗುರಿ, ಹೀಗೆ. ಇಲ್ಲಿ ಅಚ್ಚಾದ ಇದನ್ನೇ ಇಡಬೇಡಿ. ಬೆಣ್ಣೆದೋಸೆಯಂತೂ ಬೇಡವೇ ಬೇಡ, ಈ ಊರಲ್ಲಿ ಮೊದಲು ಊಹಿಸುವುದೇ ಅದನ್ನು.

ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸಾಧನ ಸೇರಿಸುವ ‘ಡಬ್ಲ್ಯುಪಿಎಸ್’ ಸೌಲಭ್ಯವನ್ನು ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಅನ್ನು ರೂಟರು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ಉಳಿದ ಅಂಕಿಗಳನ್ನು ತಾಳೆ ನೋಡಲು. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಪಿನ್ ಸಿಗುತ್ತದೆಂದು 2011ರಲ್ಲೇ ಬಹಿರಂಗವಾಯಿತು. ‘ರಿಮೋಟ್ ಮ್ಯಾನೇಜ್‌ಮೆಂಟ್’ (ಹೊರಗಿನಿಂದ ಇಂಟರ್ನೆಟ್ ಮೂಲಕ ರೂಟರಿನ ಸೆಟ್ಟಿಂಗ್ ತೆರೆಯುವ ಸೌಲಭ್ಯ) ಕೂಡ ಆಫ್ ಇರಲಿ.

ವೈಫೈ ಹೆಸರು ಬಚ್ಚಿಡುವುದು, ಮ್ಯಾಕ್ ಫಿಲ್ಟರ್ (ಪ್ರತಿ ಸಾಧನಕ್ಕಿರುವ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ನೋಡಿ ಒಳಬಿಡುವ ಜರಡಿ) ಹಾಕುವುದು ಯೂಟ್ಯೂಬಿನವರ ಅಚ್ಚುಮೆಚ್ಚಿನ ಸಲಹೆಗಳು. ಎರಡೂ ಹೊತ್ತು ಹಾಳು. ಗಾಳಿಯಲ್ಲಿ ಹರಿದಾಡುವ ಸಂಕೇತದಲ್ಲೇ ಆ ಹೆಸರೂ ಮ್ಯಾಕ್ ವಿಳಾಸವೂ ಸಿಕ್ಕಿಬಿಡುತ್ತವೆ. ಮಹಡಿಯ ಬಾಡಿಗೆದಾರರಿಗೋ ಪಿ.ಜಿ. ಹುಡುಗರಿಗೋ ವೈಫೈ ಕೊಡಬೇಕಿದ್ದರೆ ‘ಗೆಸ್ಟ್ ನೆಟ್‌ವರ್ಕ್’ ತೆರೆದು ಅದರದೇ ಪಾಸ್‌ವರ್ಡ್ ಕೊಡಿ, ಅವರು ಖಾಲಿ ಮಾಡಿದ ದಿನವೇ ಬದಲಿಸಿ.

ರೂಟರಿನೊಳಗಿನ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ಅಪ್‌ಡೇಟ್ ಇದ್ದರೆ ಹಾಕಿ. ಡಬ್ಲ್ಯುಪಿಎ2 ಕೂಡ ಇಲ್ಲದ ಸೆಕೆಂಡ್ ಹ್ಯಾಂಡ್ ರೂಟರು ಪುಕ್ಕಟೆ ಸಿಕ್ಕರೂ ಬೇಡ.