ಹೊಸ ಬ್ಯಾಟರಿ ತರೋಕಿಂತ ಮೊದ್ಲು ಟರ್ಮಿನಲ್ ನೋಡ್ರಿ

ನಮ್ ರಾಯಚೂರು ಕಡೆ ಬ್ಯಾಸಗಿ ಬಂತಂದ್ರ ಹಳೇ ಮಾರುತಿ 800, ಆಲ್ಟೊ ಇದ್ದೋರು ಸೆಲ್ಫ್ ಹೊಡದ್ರ ಟಕ್ ಟಕ್ ಅಂತದ ಅಂತ ಸೀದಾ ಹೊಸ ಬ್ಯಾಟರಿ ತರಾಕ ಹೋಗ್ತಾರ, ಸ್ವಲ್ಪ ತಡೀರಿ, ಮೊದ್ಲು ಬಾನೆಟ್ ಎತ್ತಿ ಟರ್ಮಿನಲ್ (ಬ್ಯಾಟರಿಗೆ ವೈರ್ ಕೂಡೋ ತುದಿ) ಮ್ಯಾಲೆ ಬೆಳ್ಳಗ, ಹಸರಗ ಪುಡಿ ಕೂತದೇನು ನೋಡ್ರಿ. ಪುಡಿ ಇದ್ರ, ಪಾನಾ ತಗೊಂಡು ಮೈನಸ್ ಮೊದ್ಲು ಬಿಚ್ರಿ, ಪ್ಲಸ್ ಆಮ್ಯಾಲೆ. ಉಲ್ಟಾ ಮಾಡಿ ಪಾನಾ ಗಾಡಿ ಕಬ್ಬಿಣಕ್ಕ ತಾಗಿದ್ರ ಶಾರ್ಟ್ ಆಗಿ ಕಿಡಿ ಹಾರ್ತದ, ಬ್ಯಾಟರಿ ಗ್ಯಾಸ್ ಇರೋ ಕಡೆ ಅದು ಬಾಳ ಡೇಂಜರ್ ರೀ. ಬಿಸಿನೀರಾಗ ಅಡಿಗೆ ಸೋಡಾ ಕಲಸಿ ಹಳೇ ಬ್ರಷ್‌ಲೆ ತಿಕ್ರಿ, ಆದ್ರ ಆ ನೀರು ಬ್ಯಾಟರಿ ಒಳಗ ಹೋಗಬಾರದು. ಒಣಗಿಸಿ, ಪ್ಲಸ್ ಮೊದ್ಲು ಹಾಕಿ, ಬಿಗಿ ಮಾಡಿ ಮ್ಯಾಲೆ ವ್ಯಾಸಲೀನ್ ಹಚ್ರಿ. ಮುಚ್ಚಳ ಬಿಚ್ಚೋ ಬ್ಯಾಟರಿ ಇದ್ರ ಈ ಬಿಸಲಿಗೆ ನೀರು ಜಲ್ದಿ ಇಳೀತದ, ಡಿಸ್ಟಿಲ್ಡ್ ವಾಟರ್ ಅಷ್ಟೇ ಹಾಕ್ರಿ, ನಳದ ನೀರು ಬ್ಯಾಡ.