ಟೈಮಿಂಗ್ ಬೆಲ್ಟ್ ಹೋದ ಎಂಜಿನ್‌: ಕೈಗೆಟುಕುವ ಖರ್ಚಿನಲ್ಲಿ ಕಟ್ಟಿದ ಬಗೆ

ಭಾವನ ಡೀಸೆಲ್ ಡಸ್ಟರ್ ಕಾರು ಸಕಲೇಶಪುರದ ದಾರಿಯಲ್ಲಿ ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಟಕ್ಕೆ ತಕ್ಕಂತೆ ವಾಲ್ವ್‌ಗಳು ತೆರೆದು ಮುಚ್ಚುವಂತೆ ಮಾಡುವ ಹಲ್ಲಿನ ಪಟ್ಟಿ) ಹೋಗಿ ನಿಂತಾಗ, ಕೇಳಿದವರೆಲ್ಲ ಎರಡೇ ಮಾತು ಹೇಳಿದರು: ಸಿಕ್ಕಿದ ಬೆಲೆಗೆ ಮಾರಿಬಿಡಿ, ಇಲ್ಲವೇ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿ. ಹಾಸನದಲ್ಲಿ ಪಂಪ್‌ಸೆಟ್, ಟಿಲ್ಲರ್ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಕಸುಬು. ಎಂಜಿನ್ ಒಳಗೆ ಏನಾಗಿದೆ ಎಂದು ನೋಡದೆ ಯಾವ ಮಾತಿಗೂ ತಲೆಯಾಡಿಸಲು ನನಗೆ ಮನಸ್ಸಾಗಲಿಲ್ಲ.

ಸೆಕೆಂಡ್ ಹ್ಯಾಂಡ್ ಎಂಜಿನ್ ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಅದರ ಬೆಲ್ಟ್ ಎಷ್ಟು ಓಡಿದೆ, ಬೇರಿಂಗ್ ಹೇಗಿದೆ ಎಂಬುದಕ್ಕೆ ಮಾರುವವನ ಮಾತೇ ಆಧಾರ. ಎಂಜಿನ್ ನಂಬರ್ ಬ್ಲಾಕ್ ಮೇಲಿರುತ್ತದೆ, ಅಂದರೆ ಸಿಲಿಂಡರ್‌ಗಳಿರುವ ಕೆಳಭಾಗದ ಮೇಲೆ. ಬ್ಲಾಕ್ ಬದಲಾದರೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ತಿದ್ದಿಸಬೇಕು. ಬ್ಲಾಕ್ ಮೇಲೆ ಕೂರುವ, ವಾಲ್ವ್‌ಗಳಿರುವ ಹೆಡ್ ಮಾತ್ರ ಕೆಟ್ಟಿದ್ದರೆ ಈ ತಾಪತ್ರಯವೇ ಇಲ್ಲ.

ಮೊದಲು ಹಣದ ಗೆರೆ ಎಳೆದೆವು. ಒಟ್ಟು 60,000 ರೂಪಾಯಿ. ಅದರಲ್ಲಿ 20,000 ಹೆಡ್ ಬಿಚ್ಚಿದ ಮೇಲೆ ಕಾಣಬಹುದಾದ ಹಾನಿಗೆಂದು ಬೇರೆ ಇಟ್ಟದ್ದು. "ಅಷ್ಟರಲ್ಲಿ ಆಗದಿದ್ದರೆ ಏನು ಮಾಡುತ್ತೀಯಪ್ಪ?" ಎಂದು ಭಾವ ಕೇಳಿದರು. "ಆಗುವುದಿಲ್ಲ ಎಂದು ಗೊತ್ತಾದ ದಿನವೇ ನಿಲ್ಲಿಸುತ್ತೇನೆ ಭಾವ, ಹೆಡ್ ಬಿಚ್ಚಿ ನೋಡುವವರೆಗೆ ಒಂದು ಸಾಮಾನನ್ನೂ ಕೊಳ್ಳುವುದಿಲ್ಲ" ಎಂದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಆಗಲೇ ಬರೆದುಕೊಂಡೆ: ಬ್ಲಾಕ್ ಬಿರುಕು ಬಿಟ್ಟಿದ್ದರೆ, ಇಲ್ಲವೇ ಬೋರ್‌ನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರ್ ಗೋಡೆಯಲ್ಲಿ) ಆಳವಾದ ಗೀರು ಇದ್ದರೆ ಕೆಲಸ ಮುಂದುವರಿಸುವುದಿಲ್ಲ.

ಈ ಗಾಡಿಯಲ್ಲಿರುವುದು 1461 ಸಿಸಿಯ ಕೆ9ಕೆ ಎಂಜಿನ್. ಎಂಟು ವಾಲ್ವ್, ಅವನ್ನು ಒತ್ತಿ ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ. ಲೋಗನ್, ವೆರಿಟೊ, ಸನ್ನಿ, ಟೆರಾನೊ ಕಾರುಗಳ ಡೀಸೆಲ್‌ನಲ್ಲೂ ಇದೇ ಕುಟುಂಬದ ಎಂಜಿನ್ ಇರುವುದರಿಂದ ಬಿಡಿಭಾಗ ಸಿಗುವುದು ಕಷ್ಟವಲ್ಲ. ಮಾದರಿಯಿಂದ ಮಾದರಿಗೆ ಇಂಜೆಕ್ಟರ್, ಡೀಸೆಲ್ ಪಂಪ್‌ ಬೇರೆಯಾಗುತ್ತವೆ. ಹಾಗಾಗಿ ಎಂಜಿನ್ ಮೇಲಿನ ಪೂರ್ತಿ ಕೋಡ್ ಹೇಳಿಯೇ ಸಾಮಾನು ಕೇಳಬೇಕು. ಇದರಲ್ಲಿ ಬೆಲ್ಟ್ ಹರಿದು ಇಲ್ಲವೇ ಅದರ ಹಲ್ಲು ಉದುರಿ ಕ್ಯಾಮ್ ನಿಂತರೆ, ತೆರೆದುಕೊಂಡ ವಾಲ್ವ್‌ಗೆ ಪಿಸ್ಟನ್ ಬಂದು ಬಡಿಯುತ್ತದೆ. ಹಾಗಾದ ಮೇಲೆ "ಬೆಲ್ಟ್ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ" ಎನ್ನುವುದು ಉಳಿದದ್ದನ್ನೂ ಕೆಡಿಸುವ ಕೆಲಸ.

ಕೆಟ್ಟ ಬೆಲ್ಟನ್ನು ಎಸೆಯಬಾರದು. ನಮ್ಮ ಬೆಲ್ಟ್ ಒಂದು ಗೇಣಿನಷ್ಟು ಉದ್ದಕ್ಕೆ ಹಲ್ಲು ಉದುರಿ ನುಣ್ಣಗಾಗಿತ್ತು, ಒಳಗಿನ ನೂಲು ಮಾತ್ರ ಗಟ್ಟಿಯಾಗಿತ್ತು. ಹಲ್ಲು ಹೀಗೆ ಒಂದೇ ಕಡೆ ಕಿತ್ತು ಬಂದರೆ ಬೆಲ್ಟ್‌ನಿಂದ ತಿರುಗುವ ಯಾವುದೋ ಒಂದು ಭಾಗ ಬಿಗಿದುಕೊಂಡಿದೆ ಎಂದು ಅನುಮಾನಿಸಬೇಕು. ಎಣ್ಣೆ ಕುಡಿದು ಉಬ್ಬಿದ್ದರೆ ಆಯಿಲ್ ಸೀಲ್ ಸೋರಿದೆ. ಬೆನ್ನು ತುಂಬ ಬಿರುಕಿದ್ದರೆ ವಯಸ್ಸಾಗಿದೆ. ಈ ಎಂಜಿನ್‌ನಲ್ಲಿ ವಾಟರ್ ಪಂಪ್‌ ತಿರುಗುವುದೂ ಇದೇ ಬೆಲ್ಟ್‌ನಿಂದ. ಪಂಪನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಎಂದು ಕಚ್ಚಿಕೊಂಡಿತು. ಕಾರಣ ಸಿಕ್ಕಿತು. ಇದನ್ನು ಹುಡುಕದೆ ಹೆಡ್ ಕಟ್ಟಿದ್ದರೆ ಹೊಸ ಬೆಲ್ಟ್‌ಗೂ ಅದೇ ಗತಿ ಬರುತ್ತಿತ್ತು.

ಹೆಡ್ ಬಿಚ್ಚಿದಾಗ ಪಿಸ್ಟನ್‌ಗಳ ಮಸಿಯ ಮೇಲೆ ವಾಲ್ವ್‌ ಬಡಿದ ಅರ್ಧಚಂದ್ರದಂಥ ಗುರುತುಗಳು ಹೊಳೆಯುತ್ತಿದ್ದವು. ಬಿರುಕಿರಲಿಲ್ಲ. ಪಿಸ್ಟನ್ ಕೆಳಗಿನ ಕನೆಕ್ಟಿಂಗ್ ರಾಡ್ ಬಾಗಿದೆಯೇ ಎಂದು ತಿಳಿಯಲು, ಪ್ರತಿಯೊಂದು ಪಿಸ್ಟನ್ನನ್ನೂ ತುತ್ತತುದಿಗೆ ತಂದು ಬ್ಲಾಕ್‌ನ ಮಟ್ಟದಿಂದ ಎಷ್ಟು ಮೇಲೆ ನಿಲ್ಲುತ್ತದೆ ಎಂದು ಡಯಲ್ ಗೇಜ್‌ನಲ್ಲಿ ಅಳೆದೆ. ರಾಡ್ ಬಾಗಿದ್ದರೆ ಆ ಪಿಸ್ಟನ್ ಉಳಿದವುಗಳಿಗಿಂತ ತಗ್ಗಿನಲ್ಲಿ ನಿಲ್ಲುತ್ತದೆ. ನಾಲ್ಕೂ ಹೊಂದಿಕೊಂಡವು. ಎಂಜಿನ್ ಇಳಿಸುವ ಅಗತ್ಯವಿಲ್ಲ ಎಂದು ಈ ಅಳತೆಯಿಂದ ಖಚಿತವಾಯಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ಉಳಿಸಿಕೊಟ್ಟದ್ದು ಇದೇ.

ವಾಲ್ವ್‌ಗಳನ್ನು ಒಂದೊಂದಾಗಿ ಡ್ರಿಲ್ ಚಕ್‌ಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದೆ. ಬಾಗಿದ್ದು ತಿರುಗುವಾಗ ಅಂಚು ಅಲುಗಾಡುತ್ತದೆ. ಕೆಲವು ನೇರವಾಗಿಯೇ ಇದ್ದವು, ಆದರೂ ಎಂಟನ್ನೂ ಹೊಸದು ಹಾಕಿದೆ. ಪೆಟ್ಟು ತಿಂದ ವಾಲ್ವ್ ಮುಂದೊಂದು ದಿನ ಕುತ್ತಿಗೆಯಲ್ಲಿ ಮುರಿದು ಸಿಲಿಂಡರ್‌ಗೆ ಬಿದ್ದರೆ ಉಳಿಸಿದ ಹಣದ ಹತ್ತು ಪಟ್ಟು ಹೋಗುತ್ತದೆ. ವಾಲ್ವ್‌ನ ಕಾಂಡ ಜಾರುವ ಗೈಡ್‌ಗಳನ್ನೂ ಕ್ಯಾಮ್‌ಶಾಫ್ಟನ್ನೂ ಲೇತ್ ಅಂಗಡಿಯಲ್ಲಿ ಪರೀಕ್ಷಿಸಿದೆವು. ಅಲ್ಲಿ ಹೆಡ್ ಬಂದರೆ ಬ್ಲಾಕ್ ಮೇಲೆ ಕೂರುವ ಅದರ ಮುಖ ಉಜ್ಜಿಕೊಡುವುದು ರೂಢಿ. ಈ ಹೆಡ್ಡನ್ನು ಉಜ್ಜಬಾರದೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ನೇರಪಟ್ಟಿ ಇಟ್ಟು ಸೊಟ್ಟಗಾಗಿದೆಯೇ ಎಂದು ನೋಡಿದರೆ ಸಾಕು. ಅದನ್ನು ಮೊದಲೇ ಹೇಳಿ, ಬಿರುಕಿನ ಪರೀಕ್ಷೆ ಮತ್ತು ಸೀಟ್ (ವಾಲ್ವ್ ಕೂರುವ ಅಂಚು) ಕೆಲಸವಷ್ಟನ್ನೇ ಮಾಡಿಸಿದೆ.

ಅಂದಾಜು ಪಟ್ಟಿಯಲ್ಲಿ ಅನೇಕರು ಮರೆಯುವುದು ಟ್ಯಾಪೆಟ್ (ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ಕೂರುವ ಬಟ್ಟಲಿನಂಥ ತುಂಡು) ಖರ್ಚನ್ನು. ಸೀಟ್ ಕತ್ತರಿಸಿದಷ್ಟೂ ವಾಲ್ವ್ ಒಳಗೆ ಕೂತು ಅದರ ಕಾಂಡ ಕ್ಯಾಮ್ ಕಡೆಗೆ ಏರುತ್ತದೆ, ನಡುವಿನ ಅಂತರ ಕಡಿಮೆಯಾಗುತ್ತದೆ. ಈ ಎಂಜಿನ್‌ನಲ್ಲಿ ಸ್ಕ್ರೂ ತಿರುಗಿಸಿ ಸರಿಮಾಡುವ ಸೌಲಭ್ಯವಿಲ್ಲ; ಬೇರೆ ದಪ್ಪದ ಟ್ಯಾಪೆಟ್ಟನ್ನೇ ಹಾಕಬೇಕು. ಹಾಗಾಗಿ ಸೀಟ್‌ಗಳನ್ನು ಆದಷ್ಟು ಕಡಿಮೆ ಕತ್ತರಿಸಿ, ಪೇಸ್ಟ್ ಹಾಕಿ ಕೈಯಲ್ಲೇ ಉಜ್ಜಿ ಕೂರಿಸಿದೆವು. ಬಳಿಕ ಫೀಲರ್ ಗೇಜ್‌ನಲ್ಲಿ ಎಂಟೂ ಅಂತರಗಳನ್ನು ಅಳೆದು, ಇದ್ದ ಟ್ಯಾಪೆಟ್‌ಗಳನ್ನೇ ಅದಲುಬದಲು ಮಾಡಿದಾಗ ಹೆಚ್ಚಿನವು ಹೊಂದಿಕೊಂಡವು. ಹೊಂದದಿದ್ದವನ್ನು ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ತರಿಸಿದೆ.

ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್, ಹೆಡ್ ಬೋಲ್ಟ್, ವಾಲ್ವ್ ಸೀಲ್: ಇವುಗಳಲ್ಲಿ ಚೌಕಾಸಿ ಮಾಡಲಿಲ್ಲ. ತಳದ ಆಯಿಲ್ ಸಂಪ್ ಇಳಿಸಿ, ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬಿಗ್ ಎಂಡ್ ಬೇರಿಂಗ್‌ಗಳನ್ನೂ ಬದಲಿಸಿದೆ. ಈ ಎಂಜಿನ್‌ನಲ್ಲಿ ಸವೆಯುವ ಜಾಗ ಅದು, ಬೆಲೆಯೂ ದೊಡ್ಡದಲ್ಲ. ಕ್ಲಚ್, ಟರ್ಬೊ ಮುಟ್ಟಲಿಲ್ಲ.

ಕಟ್ಟುವಾಗ ಒಂದು ವಿಷಯದಲ್ಲಿ ಅವಸರ ಸಲ್ಲದು. ಬ್ಲಾಕ್‌ನ ಬೋಲ್ಟ್ ತೂತುಗಳಲ್ಲಿ ಎಣ್ಣೆ, ನೀರು ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕೇ ಸೀಳಬಹುದು. ಸಿರಿಂಜ್‌ನಲ್ಲಿ ಪ್ರತಿ ತೂತನ್ನೂ ಹೀರಿ ಒಣಗಿಸಿದೆ. ಕ್ರ್ಯಾಂಕ್ ಮತ್ತು ಕ್ಯಾಮ್‌ಗೆ ಅಲುಗಾಡದಂತೆ ಪಿನ್ ಹಾಕಿ ಬೆಲ್ಟ್ ಕೂರಿಸಿ, ಪಿನ್ ತೆಗೆದು, ಸ್ಪಾನರ್‌ನಿಂದ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಎಲ್ಲಿಯೂ ತಡೆಯಲಿಲ್ಲ, ಪಿನ್‌ಗಳು ಮತ್ತೆ ಸಲೀಸಾಗಿ ಒಳಗೆ ಹೋದವು. ಪಿನ್‌ಗಳನ್ನು ತೆಗೆದಿಟ್ಟ ಮೇಲೆಯೇ ಬ್ಯಾಟರಿ ಜೋಡಿಸಿದ್ದು.

ಸ್ಟಾರ್ಟ್ ಆಯಿತು, ಶಬ್ದ ಹದವಾಗಿದೆ. ಬೇರೆ ಇಟ್ಟಿದ್ದ 20,000ದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಸಾವಿರ ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿದೆ. ಲೋಹದ ಚೂರು ಕಾಣಲಿಲ್ಲ. ಮುಂದಿನ ಬೆಲ್ಟ್ ಬದಲಾವಣೆಯ ಕಿಲೋಮೀಟರನ್ನು ಭಾವ ಆರ್‌ಸಿ ಜೊತೆಗೇ ಬರೆದಿಟ್ಟುಕೊಂಡಿದ್ದಾರೆ.