ಕೀಟೋ ಪಥ್ಯದ ನಡುವೆ ಆಂಟಿಬಯೋಟಿಕ್ ಕೋರ್ಸ್ ಬಂದಾಗ

ಕೀಟೋ ಪಥ್ಯವೆಂದರೆ ಕಾರ್ಬ್ (ಅನ್ನ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ತೀರಾ ಕಡಿಮೆ ತಿಂದು, ಯಕೃತ್ತು ಕೊಬ್ಬಿನಿಂದ ಮಾಡುವ ಕೀಟೋನ್ ಎಂಬ ಇಂಧನದ ಮೇಲೆ ದೇಹ ನಡೆಸುವುದು. ಆಂಟಿಬಯೋಟಿಕ್ ಶುರುವಾದ ಮೇಲೆ ರಕ್ತದ ಕೀಟೋನ್ ಅಂಕಿ ಕುಸಿದರೆ ಎಲ್ಲರೂ ದೂರುವುದು ಮಾತ್ರೆಯನ್ನೇ. ಆದರೆ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧಿಗಳು ಯಕೃತ್ತಿನಲ್ಲಿ ಕೊಬ್ಬು ಕೀಟೋನ್ ಆಗುವುದಕ್ಕೆ ನೇರವಾಗಿ ಅಡ್ಡ ಬರುವುದಿಲ್ಲ. ಸೋಂಕಿದ್ದಾಗ ಕಾರ್ಟಿಸೋಲ್, ಅಡ್ರಿನಲಿನ್ ಏರಿ ಯಕೃತ್ತು ಗ್ಲೂಕೋಸ್ ಹೊರಬಿಡುತ್ತದೆ, ಕೀಟೋನ್ ಇಳಿಯಬಹುದು. ಊಟ ಸೇರದಿದ್ದರೆ ಅದೇ ಕೀಟೋನ್ ಏರಲೂಬಹುದು. ಹಾಗಾಗಿ ಕಾಯಿಲೆಯ ದಿನಗಳ ಅಂಕಿ ನೋಡಿ ಪಥ್ಯ ಕೆಟ್ಟಿತೆಂದು ಕೊರಗಬೇಡಿ. ಅಂಕಿಗಾಗಿ ಡೋಸ್ ಬಿಡುವುದಂತೂ ಶುದ್ಧ ಅವಿವೇಕ.

ಒಂದು ಅಪವಾದವಿದೆ. ಹೆಸರಿನಲ್ಲಿ 'ಪಿವಾಕ್ಸಿಲ್' ಇರುವವು, ಉದಾಹರಣೆಗೆ ಸೆಫ್‌ಡಿಟೊರೆನ್ ಪಿವಾಕ್ಸಿಲ್, ದೇಹದ ಕಾರ್ನಿಟಿನ್ ಅನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಕೊಬ್ಬನ್ನು ಉರಿಸಲು ಕಾರ್ನಿಟಿನ್ ಬೇಕೇ ಬೇಕು. ಕೀಟೋದಲ್ಲಿರುವವರು, ಅದರಲ್ಲೂ ಮಕ್ಕಳು ಮತ್ತು ವಾಲ್ಪ್ರೊಯೇಟ್ (ಅಪಸ್ಮಾರದ ಔಷಧಿ) ತೆಗೆದುಕೊಳ್ಳುವವರು, ಬೇರೆ ಔಷಧಿ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು.

ಸಕ್ಕರೆಯ ಲೆಕ್ಕ ಮಾಡಬೇಕಾದ್ದು ಸಿರಪ್‌ಗಳಲ್ಲಿ. ಮಾತ್ರೆಯೊಳಗಿನ ಪಿಷ್ಟ, ಲ್ಯಾಕ್ಟೋಸ್ ಎಲ್ಲ ಸೇರಿದರೂ ದಿನಕ್ಕೆ ಒಂದೆರಡು ಗ್ರಾಂ ದಾಟುವುದಿಲ್ಲ. ಆದರೆ ಸಕ್ಕರೆ ಹಾಕಿದ ಅಜಿತ್ರೋಮೈಸಿನ್ ಸಿರಪ್‌ನಲ್ಲಿ 5 ಮಿ.ಲೀ.ಗೆ 3ರಿಂದ 4 ಗ್ರಾಂ ಸಕ್ಕರೆ ಇರಬಹುದು, 200 ಮಿ.ಗ್ರಾಂ/5 ಮಿ.ಲೀ. ಬಾಟಲಿಯಿಂದ 500 ಮಿ.ಗ್ರಾಂ ಡೋಸ್ ಅಳೆದರೆ 12.5 ಮಿ.ಲೀ., ಅಂದರೆ 10 ಗ್ರಾಂ ಹತ್ತಿರ. ದಿನಕ್ಕೆ 20 ಗ್ರಾಂ ಕಾರ್ಬ್ ಮಿತಿಯವರಿಗೆ ಅದು ಅರ್ಧ ಪಾಲು. ಲೇಬಲ್ ಮೇಲೆ 'ಫ್ಲೇವರ್ಡ್ ಸಿರಪಿ ಬೇಸ್' ಎಂದಿದ್ದರೆ ಸಕ್ಕರೆ ಇದೆ ಎಂದೇ ತಿಳಿಯಿರಿ. ನುಂಗಲು ಆಗುವವರು ಮಾತ್ರೆ ಬರೆಸಿಕೊಳ್ಳಲಿ. ಜೊತೆಗೆ ಬರುವ ಕೆಮ್ಮಿನ ಸಿರಪ್, ಗಂಟಲಿನ ಪೆಪ್ಪರ್‌ಮಿಂಟು, ಬೆಲ್ಲದ ಕಷಾಯ, ಜೇನುತುಪ್ಪ ಇವುಗಳ ಸಕ್ಕರೆ ಎಷ್ಟೋ ಸಲ ಆಂಟಿಬಯೋಟಿಕ್‌ಗಿಂತ ಹೆಚ್ಚು. ಗಂಜಿಯ ಬದಲು ಬೆಲ್ಲ ಹಾಕದ ಮೆಣಸಿನ ಸಾರು ಕುಡಿಯಬಹುದು: ನೀರೂ ಸಿಗುತ್ತದೆ, ಉಪ್ಪೂ ಸಿಗುತ್ತದೆ.

ಕೀಟೋದವರು ಪನೀರ್, ಮೊಸರು, ಮೆಗ್ನೀಸಿಯಂ ಮಾತ್ರೆ ಹೆಚ್ಚು ಬಳಸುವುದರಿಂದ ಔಷಧಿಯ ಸಮಯ ತಪ್ಪುವುದು ಇಲ್ಲಿಯೇ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಸತು ಕೆಲವು ಔಷಧಿಗಳನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಇವುಗಳ ಮಾತ್ರೆಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಿ. ಡಾಕ್ಸಿಸೈಕ್ಲಿನ್‌ಗೆ 2ರಿಂದ 3 ಗಂಟೆ ಅಂತರ ಸಾಕು, ಆದರೆ ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಮಲಗದೆ ಇರಬೇಕು. ಕೋಟ್ರೈಮಾಕ್ಸಝೋಲ್ ಎಂಬ ಆಂಟಿಬಯೋಟಿಕ್ ರಕ್ತದ ಪೊಟ್ಯಾಸಿಯಂ ಏರಿಸುವುದರಿಂದ, ಆ ದಿನಗಳಲ್ಲಿ ಪೊಟ್ಯಾಸಿಯಂ ಸೇರಿಸಿದ 'ಲೋ ಸೋಡಿಯಂ' ಉಪ್ಪು ಬೇಡ.

ಭೇದಿಯಾದರೆ ಓಆರ್‌ಎಸ್ ಕುಡಿಯಿರಿ. 1 ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಇದೆ, ನಿಜ. ಕರುಳು ಉಪ್ಪನ್ನೂ ನೀರನ್ನೂ ಎಳೆದುಕೊಳ್ಳಲು ಆ ಗ್ಲೂಕೋಸೇ ಬೇಕು, ಅದನ್ನು ತೆಗೆದರೆ ಓಆರ್‌ಎಸ್‌ಗೆ ಅರ್ಥವಿಲ್ಲ.

ನಿಜವಾದ ಅಪಾಯ ಇರುವುದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ. ಡಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ತೆಗೆದುಕೊಳ್ಳುವವರು ಕಾರ್ಬ್ ಕಡಿಮೆ ಮಾಡಿ, ಮೇಲೆ ಸೋಂಕೂ ತಗುಲಿ ಊಟ ಬಿಟ್ಟರೆ, ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ಜ್ವರ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಿ, ಆ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ. ಇನ್ಸುಲಿನ್ ಮಾತ್ರ ತಾವಾಗಿ ನಿಲ್ಲಿಸಬಾರದು. ಪಥ್ಯದಿಂದ ಬರುವ ಮಾಮೂಲಿ ಕೀಟೋಸಿಸ್‌ನಲ್ಲಿ ರಕ್ತದ ಕೀಟೋನ್ ಸಾಮಾನ್ಯವಾಗಿ 0.5ರಿಂದ 3.0 ಮಿಲಿಮೋಲ್/ಲೀಟರ್. ಮಧುಮೇಹಿಗಳು 1.5 ದಾಟಿದರೇ ವೈದ್ಯರಿಗೆ ತಿಳಿಸಬೇಕು. 3 ದಾಟಿದರೆ, ಅಥವಾ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಗ್ಲೂಕೋಮೀಟರ್ ಏನೇ ಹೇಳಲಿ, ತುರ್ತು ಚಿಕಿತ್ಸೆಗೆ ಹೋಗಬೇಕು. ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಅಪಾಯ ಬೇರೆ ಥರದ್ದು: ಲೆವೊಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಆಂಟಿಬಯೋಟಿಕ್‌ಗಳ ಜೊತೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಆಗ ಕೀಟೋ ಮರೆತು ತಕ್ಷಣ ಗ್ಲೂಕೋಸ್ ಕುಡಿಯಬೇಕು.

ಅಳೆಯಲು ರಕ್ತದ ಮೀಟರೇ ಸರಿ. ಜ್ವರದಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೆ ಮೂತ್ರದ ಪಟ್ಟಿ ಸುಮ್ಮನೆ ಗಾಢ ಬಣ್ಣ ತೋರಿಸುತ್ತದೆ.

ಅಪಸ್ಮಾರಕ್ಕಾಗಿ ಕೀಟೋಜೆನಿಕ್ ಪಥ್ಯದಲ್ಲಿರುವ ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ಡ್ರಿಪ್ ಹಾಕುವ ಮೊದಲೇ ಪಥ್ಯದ ವಿಷಯ ಹೇಳಿ. 5% ಡೆಕ್ಸ್‌ಟ್ರೋಸ್‌ನ 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಸಕ್ಕರೆ ಮಟ್ಟ ಸರಿಯಿದ್ದರೆ ನಾರ್ಮಲ್ ಸಲೈನ್ ಸಾಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಮಗು ವಾಲ್ಪ್ರೊಯೇಟ್‌ನಲ್ಲಿದ್ದರೆ ಅದನ್ನೂ ಹೇಳಿ, ಏಕೆಂದರೆ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಕೊಟ್ಟರೆ ರಕ್ತದಲ್ಲಿ ವಾಲ್ಪ್ರೊಯೇಟ್ ಮಟ್ಟ ಬೇಗನೆ ಕುಸಿದು ಫಿಟ್ಸ್ ಮರುಕಳಿಸಬಹುದು.